ಪೈಪಿನ ಮೇಲಿನ ಕೆಂಪು ಗೆರೆ

ರೇವಣಸಿದ್ದನ ಬಿಳಿ ವ್ಯಾನು ಲಗ್ಗೆರೆಯ ಗ್ಯಾರೇಜಿಗೆ ತಿರುಗುವ ಮೊದಲೇ ಮಹಾದೇವಿಗೆ ಗೊತ್ತಾಗಿಬಿಡುತ್ತಿತ್ತು. ಹೊರಗಿನ ರಸ್ತೆಯ ಹಂಪಿನ ಮೇಲೆ ನಿಧಾನಿಸಿದ ಕೂಡಲೇ ಇಂಜಿನ್ ಏದುಸಿರು ಬಿಡುತ್ತಿತ್ತು. ಇನ್ನೇನು ನಿಂತೇ ಹೋಯಿತು ಅನ್ನುವಾಗ ಮತ್ತೆ ಗುರ್ ಎಂದು ಏರುತ್ತಿತ್ತು. ಅವಳು ಕೈಯ ಗ್ರೀಸ್ ಒರೆಸಿಕೊಂಡು, ಹಣೆಯ ಮೇಲಿನ ಕೂದಲು ಹಿಂದೆ ತಳ್ಳಿಕೊಳ್ಳುತ್ತಿದ್ದಳು. ಕೆಟ್ಟ ಗಾಡಿಯ ಸದ್ದಿಗೆ ಯಾವ ಮೆಕ್ಯಾನಿಕ್ಕಾದರೂ ಖುಷಿಪಡುತ್ತಾರೆಯೇ? ಇವಳು ಪಡುತ್ತಿದ್ದಳು, ಏನು ಮಾಡುವುದು!

"ಮತ್ತ ಬಂದ್ರೇನ್ರಿ?"

"ನಾ ಎಲ್ಲಿ ಬಂದೆ? ಗಾಡೀನ ಕರ್ಕೊಂಡು ಬಂತ್ರಿ."

ರೇವಣಸಿದ್ದ ಪೀಣ್ಯದ ಒಂದು ವರ್ಕ್‌ಶಾಪಿನ ಡ್ರೈವರ್. ಲೇತ್‌ನಲ್ಲಿ ಕಡೆದ ಬಿಡಿಭಾಗಗಳನ್ನು ಫ್ಯಾಕ್ಟರಿಗಳಿಗೆ ತಲುಪಿಸುವುದು ಅವನ ಕೆಲಸ. ಅವನ ಊರು ಮುದ್ದೇಬಿಹಾಳದ ಕಡೆ, ಇವಳದು ಬಾಗಲಕೋಟೆ ಕಡೆ. ದಿನವಿಡೀ ಬೇರೆಯವರ ಮಾತಿಗೆ ನಾಲಿಗೆ ಹೊಂದಿಸಿ ಸುಸ್ತಾದವರಿಗೆ ಊರಿನ ಒಂದು 'ಮತ್ತ' ಕೇಳಿದರೂ ಜೀವ ತಂಪಾಗುತ್ತದೆ.

ಅವನು ಮೊದಲ ಸಲ ಬಂದಾಗ ಅವಳು ವ್ಯಾನಿನ ಮುಂದಿನ ಸೀಟು ಎತ್ತಿ, ಅದರ ಕೆಳಗಿನ ಇಂಜಿನ್ನಿನತ್ತ ಬಾಗಿದ್ದಳು. ತುಂಡು ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಪೈಪುಗಳ ಬಾಯಿಂದ ಬಾಯಿಗೆ ಒಯ್ಯುತ್ತ ಕಣ್ಣು ಮುಚ್ಚಿದ್ದಳು. ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುವ ಜಾಗದಲ್ಲಿ ಸಣ್ಣಗೆ ಸುಂಯ್ ಅನ್ನುತ್ತದೆ. ಅದನ್ನು ಕೇಳುವುದೇ ಕೆಲಸ.

"ಡಾಕ್ಟ್ರ, ಬದುಕತೈತೇನ್ರಿ?"

"ಸುಮ್ನಿರ್ರಿ. ನಿಮ್ಮ ಉಸಿರ ಜೋರ್ ಕೇಳಾಕತ್ತೈತಿ."

ಅವನು ನಿಜವಾಗಿಯೂ ಉಸಿರು ಬಿಗಿಹಿಡಿದ. ಅವಳು ಕಣ್ಣು ಬಿಟ್ಟಾಗ ಅವನ ಮುಖ ಕೆಂಪಾಗಿತ್ತು. ನಗು ಬಂತು. ಇಂಜಿನ್ ಗಾಳಿ ಎಳೆದುಕೊಳ್ಳುವ ವ್ಯಾಕ್ಯೂಮ್ ಪೈಪೊಂದು ಬಾಯಲ್ಲಿ ಸೀಳಿಹೋಗಿತ್ತು. ಸೀಳಿದ್ದನ್ನು ಕತ್ತರಿಸಿ, ಮತ್ತೆ ಕೂರಿಸಿ ಕಳಿಸಿದಳು. ಆ ಸಂಜೆ ಅನ್ನ ಬಸಿಯುವಾಗಲೂ ಅವಳಿಗೆ ಆ ಕೆಂಪು ಮುಖವೇ ನೆನಪಾಗುತ್ತಿತ್ತು.

ಸ್ವಲ್ಪ ದಿನಕ್ಕೇ ವ್ಯಾನು ವಾಪಸ್ ಬಂತು. ಅದೇ ಪೈಪು, ಅದೇ ಜಾಗ.

ಗ್ಯಾರೇಜಿನ ಮಾಲೀಕ ಪಾಪಯ್ಯನದೊಂದು ಕಟ್ಟುನಿಟ್ಟು. ಒಂದೇ ತೊಂದರೆಗೆ ಗಾಡಿ ಮತ್ತೆ ಮತ್ತೆ ಬಂದರೆ, ಅದನ್ನು ರಿಪೇರಿ ಮಾಡಿದವರು ಇಂಜಿನ್ ಕೆಲಸ ಬಿಟ್ಟು ವಾಟರ್ ವಾಶ್‌ಗೆ ಹೋಗಬೇಕು. ಯಾರೇ ಆಗಲಿ.

"ಏನಮ್ಮಾ ಇದು? ಒಂದು ಪೈಪ್ ಹಾಕೋಕ್ ಬರಲ್ವಾ?" ಎಂದ ಪಾಪಯ್ಯ, ಎಲ್ಲರಿಗೂ ಕೇಳುವಂತೆ. "ಹೆಣ್ಮಗಳ ಕೈಲಿ ಹಿಡಿತ ಇರಲ್ಲ ಅಂತ ಎಲ್ರೂ ಹೇಳಿದ್ರು. ನಾನೇ ಕೇಳ್ಲಿಲ್ಲ. ಇನ್ನೊಂದ್ಸಲ ಈ ಗಾಡಿ ಬಂದ್ರೆ ನೀನು ನೀರಿನ ಗನ್ ಹಿಡ್ಕೊ, ಅಷ್ಟೇ."

ರೇವಣಸಿದ್ದ ಅಲ್ಲೇ ನಿಂತು ಟೀ ಕುಡಿಯುತ್ತಿದ್ದ. ತಲೆ ತಗ್ಗಿಸಿದ್ದ. ತನಗಾಗಿ ಮರುಗುತ್ತಿದ್ದಾನೆ ಅಂದುಕೊಂಡಳು ಹುಚ್ಚು ಹುಡುಗಿ. ಆ ಮರುಕಕ್ಕೇ ಅವನು ಇನ್ನಷ್ಟು ಇಷ್ಟವಾದ.

ಪೈಪನ್ನು ಬಿಗಿದು ಹಿಡಿಯುವ ಹೊಸ ಕ್ಲಿಪ್ ಹಾಕಿದಳು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದು ಪೈಪಿನ ಮೇಲಿಂದ ಕ್ಲಿಪ್ಪು ದಾಟಿಸಿ ಇಂಜಿನ್ನಿನ ಕಬ್ಬಿಣದವರೆಗೆ ನೇರ ಕೆಂಪು ಗೆರೆ ಎಳೆದಳು. ಪೈಪು ತಾನಾಗಿ ಜಾರಿದರೆ ಗೆರೆ ಹೇಳುತ್ತದೆ.

ಅಲ್ಲಿಂದಾಚೆ ಅವಳಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಯಿತು. ಬಿಗಿ ಮಾಡಿದ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡುವಳು. ಟ್ಯೂಬು ಕಿವಿಗಿಟ್ಟರೆ ಸುಂಯ್ ಅನ್ನುತ್ತಿರುವುದು ಇಂಜಿನ್ನೋ ತನ್ನ ತಲೆಯೋ ತಿಳಿಯದು. ಊಟ ಸೇರುತ್ತಿರಲಿಲ್ಲ. ಇಷ್ಟು ವರ್ಷ ಬೈಸಿಕೊಂಡು ಕಲಿತ ಒಂದೇ ವಿದ್ಯೆ. ಅದೂ ಸುಳ್ಳಾದರೆ ತನ್ನದು ಅನ್ನುವುದಕ್ಕೆ ಇನ್ನೇನು ಉಳಿಯಿತು?

ಈಗ ಆ ವ್ಯಾನು ಮತ್ತೆ ಬಂದು ನಿಂತಿತ್ತು. ಪಾಪಯ್ಯ ನೀರಿನ ಗನ್ ತಂದು ಅವಳ ಟೂಲ್ ಬಾಕ್ಸಿನ ಮೇಲಿಟ್ಟು ಹೋದ.

ಅವಳು ಸೀಟು ಎತ್ತಿದಳು. ಕ್ಲೀನರ್ ಸ್ಪ್ರೇಯನ್ನು ಒಂದೊಂದೇ ಜೋಡಣೆಯ ಹತ್ತಿರ ಸ್ವಲ್ಪಸ್ವಲ್ಪವೇ ಬಿಟ್ಟಳು. ಆ ಪೈಪಿನ ಬಳಿ ಬಿಟ್ಟಾಗ ಇಂಜಿನ್ ಅದನ್ನು ಒಳಗೆಳೆದುಕೊಂಡು ಥಟ್ಟನೆ ಸದ್ದು ಬದಲಿಸಿತು. ಅಲ್ಲೇ! ಇಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದಳು.

ಪೈಪು ಹಿಂದೆ ಸರಿದಿತ್ತು. ಆದರೆ ಕ್ಲಿಪ್ಪಿನ ಮೇಲಿನ ಕೆಂಪು ಗೆರೆಯ ತುಂಡು ಕೆಳಗಡೆಗೆ ತಿರುಗಿತ್ತು. ಕುಲುಕಾಟಕ್ಕೆ ಜಾರಿದ ಪೈಪು ನೇರವಾಗಿ ಜಾರುತ್ತದೆ. ಇಷ್ಟು ಬಿಗಿಯಾದ ಕ್ಲಿಪ್ಪು ಹೀಗೆ ತಿರುಗಬೇಕಾದರೆ ಯಾರೋ ಇಕ್ಕಳದಲ್ಲಿ ಅದರ ಕಿವಿ ಹಿಂಡಿ ತಿರುಗಿಸಿರಬೇಕು. ಈ ವ್ಯಾನಿಗೆ ಇರುವುದು ಒಬ್ಬನೇ ಡ್ರೈವರ್.

"ಇದನ್ನ ಯಾರ್ ಬಿಚ್ಚಿದ್ರು?"

ಅವನು ಗೆರೆ ನೋಡಿದ, ಅವಳನ್ನು ನೋಡಿದ. ನಕ್ಕ!

"ಸಿಕ್ಕಬಿದ್ದೆ ಬಿಡ್ರಿ. ಮೊದಲನೇ ಸಲ ಖರೇನ ಕೆಟ್ಟಿತ್ತು. ಆಮ್ಯಾಲಿಂದೆಲ್ಲಾ ನಾನ. ಗಾಡಿ ನೆಟ್ಟಗಿದ್ರ ನಿಮ್ಮನ್ನ ನೋಡಾಕ ಏನ್ ನೆವಾ ಹೇಳ್ಲಿ? ನೀವಂದ್ರ ನಂಗ ಜೀವಾರಿ, ಮಹಾದೇವಿ."

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಬಂತು, ಹೀಗೆ ಬಂತು. ಕಣ್ಣು ಉರಿಯಿತು.

"ಪಾಪಯ್ಯಣ್ಣ ನನಗ ಬೈಯುವಾಗ ನೀವಿಲ್ಲೇ ನಿಂತಿದ್ರಿ."

"ಹೌದು, ಆದ್ರ—"

"ಟೀ ಕುಡಿಯಾಕತ್ತಿದ್ರಿ. ಪೂರಾ ಕುಡದು, ಗ್ಲಾಸ್ ಇಟ್ಟು, ಬರ್ತೀನಂದು ಹೋದ್ರಿ. ನನ್ನ ಕೈಯಾಗ ಏನೋ ಕಸುವಿಲ್ಲ ಅಂತ ನಾ ನನಗ ಬೈಕೋತ ಕುಂತಿದ್ದೆ. ಒಂದ ಮಾತ್ ಹೇಳಾಕ ಆಗ್ಲಿಲ್ಲ ನಿಮಗ?"

ನಗು ಅವನ ಮುಖದಿಂದ ಇಳಿಯಿತು. ಪಾಪಯ್ಯನ ಬಳಿ ಹೋಗಿ, ಎಲ್ಲರೆದುರು ಗಟ್ಟಿಯಾಗಿ ಹೇಳಿದ: "ಅಣ್ಣಾ, ಪೈಪ್ ಬಿಚ್ಚಿದಾಂವ ನಾನ. ಅವರ ಕೆಲಸದಾಗ ತಪ್ಪಿಲ್ಲ."

ಪಾಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನಿನ್ನ! ಲವ್ವಾ? ಹೋಗ್ಲಿ ಬಿಡಮ್ಮಾ, ಹುಡುಗ ಒಳ್ಳೆಯವ್ನೇ." ನೀರಿನ ಗನ್ ತೆಗೆದು ಗೋಡೆಗೆ ನೇತುಹಾಕಿದ. ಉಳಿದವರೂ ನಕ್ಕರು. ತನ್ನ ಊಟ ನಿದ್ದೆ ಕೆಡಿಸಿದ್ದು ಇವರಿಗೆಲ್ಲ ತಮಾಷೆ. ಮಹಾದೇವಿ ನಗಲಿಲ್ಲ.

ಕ್ಲಿಪ್ಪು ತಿರುಗಿಸಿ, ಪೈಪು ಒತ್ತಿ, ಗೆರೆಗೆ ಗೆರೆ ಕೂಡಿಸಿದಳು. ಇಂಜಿನ್ ಶುರುವಾಯಿತು, ನಿದ್ದೆ ಹೋದ ಮಗುವಿನ ಉಸಿರಿನಂತೆ ಒಂದೇ ಸಮ.

"ತಪ್ಪಾತ್ರಿ," ಎಂದ ರೇವಣಸಿದ್ದ. "ಇನ್ಮ್ಯಾಲೆ ನೆವಾ ಇಲ್ದನ ಬರ್ತೀನಿ. ಬರ್ಲೇನ್ರಿ?"

ಹೂಂ ಅನ್ನಲು ಅವಳ ಜೀವ ತುದಿಗಾಲಲ್ಲಿತ್ತು. ಅದನ್ನು ಅವನೂ ಕಂಡ.

"ಮೊದ್ಲ ನಿಮ್ಮ ಗಾಡಿ ಸದ್ದು ಕೇಳಿದ್ರ ನಿಮ್ಮ ಮುಖ ನೋಡ್ತಿದ್ದೆ," ಎಂದಳು. "ಇನ್ಮ್ಯಾಲೆ ಪೈಪ್ ನೋಡ್ತೀನಿ. ನೀವು ಬಂದಾಗೆಲ್ಲಾ ಏನ್ ಬಿಚ್ಚ್ಯಾರ ಅಂತ ಹುಡುಕೋತ ಕುಂದ್ರೋದು ನನ್ನಿಂದ ಆಗೂದಿಲ್ರಿ. ಹೋಗ್ರಿ."

ಅವನು ಹೋದ. ಅವಳು ಗ್ರೀಸ್ ಒರೆಸುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಆಯುಧಪೂಜೆಯ ಬೆಳಿಗ್ಗೆ ಗ್ಯಾರೇಜಿನ ಗಿರಾಕಿಗಳೆಲ್ಲ ತಮ್ಮ ತಮ್ಮ ಗಾಡಿಗಳನ್ನು ತಂದು ಸಾಲಾಗಿ ನಿಲ್ಲಿಸಿದ್ದರು. ಬಿಳಿ ವ್ಯಾನು ಇರಲಿಲ್ಲ. ಮಹಾದೇವಿ ತನ್ನ ಸ್ಪ್ಯಾನರ್‌ಗಳಿಗೂ ಆ ರಬ್ಬರ್ ಟ್ಯೂಬಿಗೂ ಕುಂಕುಮ ಹಚ್ಚುತ್ತಿದ್ದಳು.

"ನೋಡ್ದಾ, ಆ ವ್ಯಾನ್ ಆಮೇಲೆ ಬರ್ಲೇ ಇಲ್ಲ," ಎಂದ ಪಾಪಯ್ಯ, ಕುಂಬಳಕಾಯಿ ಎತ್ತಿಕೊಳ್ಳುತ್ತ. "ನಿನ್ ಕೆಲಸ ಅಂದ್ರೆ ಕೆಲಸ ಕಣಮ್ಮಾ."

"ಹೂಂ ಅಣ್ಣ," ಅಂದಳು.

ಹೊರಗೆ ಹಂಪಿನ ಮೇಲೆ ಯಾವುದೋ ಗಾಡಿ ನಿಧಾನಿಸಿತು. ಇಂಜಿನ್ ಒಂದಿಷ್ಟೂ ತಡವರಿಸಲಿಲ್ಲ. ಕೆಟ್ಟಿದ್ದರೆ ಅವನದೋ ಅಲ್ಲವೋ ಕೂಡಲೇ ಹೇಳಿಬಿಡುತ್ತಿದ್ದಳು. ನೆಟ್ಟಗಿರುವ ಗಾಡಿಗಳೆಲ್ಲ ಒಂದೇ ತರ ಕೇಳಿಸುತ್ತವೆ. ಕುಂಕುಮದ ಬೆರಳು ಹಾಗೇ ಹಿಡಿದು, ಸದ್ದು ದಾಟಿ ಹೋಗುವವರೆಗೂ ಕೇಳಿಸಿಕೊಂಡಳು.