ಪಂಪು ತಿರುಗಿಸಿದ ಕೈ

ಕ್ಲಿನಿಕ್ಕಿನ ಬಾಗಿಲು ತೆಗೆದ ನರ್ಸ್ ಎರಡು ಹೆಜ್ಜೆ ಇಟ್ಟವಳೇ ಜಾರಿ ಬಿದ್ದಳು. ನೆಲದ ತುಂಬ ನೀರು. ಏಳಲು ಊರಿದ ಅಂಗೈ ಕೆಂಪಾಯಿತು. ಹಲ್ಲಿನ ಡಾಕ್ಟರು ಸೋಫಾದ ಹಿಂದೆ ಬಿದ್ದಿದ್ದರು. ತಲೆ ಎನ್ನಲು ಹೆಚ್ಚೇನೂ ಉಳಿದಿರಲಿಲ್ಲ. ಅಕ್ವೇರಿಯಮ್ಮಿನಿಂದ ಕಿತ್ತ ಕಲ್ಲು ಪಕ್ಕದಲ್ಲೇ ಇತ್ತು. ಅದಕ್ಕೆ ಕೂದಲು ಮೆತ್ತಿತ್ತು.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಸಬ್‌ಇನ್‌ಸ್ಪೆಕ್ಟರ್ ಕೇಸು ಮುಗಿಸಿಬಿಟ್ಟಿದ್ದ. ಅವನಿಗೆ ಬುದ್ಧಿಗಿಂತ ಕೈ ಮುಂದು.

"ಡಾಕ್ಟರ ತಮ್ಮನೇ ಮೇಡಂ. ನಿನ್ನೆ ಪೇಷೆಂಟುಗಳ ಎದುರಿಗೇ 'ನಿನ್ನ ತಲೆ ಒಡೀತೀನಿ' ಅಂತ ಕೂಗಾಡಿದಾನೆ. ಸ್ಟೇಷನ್ನಲ್ಲಿ ಕೂರಿಸಿದೀವಿ. ಮಧ್ಯಾಹ್ನದೊಳಗೆ ಬಾಯಿ ಬಿಡಿಸ್ತೀನಿ."

"ನಾನು ಬರೋವರೆಗೂ ಮೈ ಮುಟ್ಟಬೇಡಿ."

"ಆಯ್ತು ಮೇಡಂ," ಎಂದು ಹೊರಟ. ಆ 'ಆಯ್ತು' ಆಕೆಗೆ ಹಿಡಿಸಲಿಲ್ಲ. ಹೋದ ವರ್ಷ ಇವನ ಕೈಗೆ ಸಿಕ್ಕವನೊಬ್ಬ ಮಾಡದ ಕಳ್ಳತನವನ್ನು ಒಪ್ಪಿಕೊಂಡಿದ್ದ.

ಆಕೆ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಉಪ್ಪುನೀರು, ಜೀವಂತ ಹವಳ. ಕಲ್ಲು ಕಿತ್ತ ಜಾಗ ಬೋಳಾಗಿತ್ತು. ಅದರ ಹಿಂದೆಯೇ ಒಂದು ಮೆತ್ತನೆಯ ಹವಳ ಹಾಯಾಗಿ ಅರಳಿ ತೂಗುತ್ತಿತ್ತು. ನೀರು ಓಡಿಸುವ ಪಂಪಿನ ಮುಖ ಮಾತ್ರ ಪಕ್ಕದ ಗಾಜಿಗೆ ತಿರುಗಿತ್ತು. ಅದರ ಕೀಲಿನ ಮೇಲೆ ಬೆಳೆದಿದ್ದ ನೇರಳೆ ಪಾಚಿಯ ಪೊರೆ ಆಗತಾನೇ ಬಿರಿದಂತಿತ್ತು.

"ಇದನ್ನ ನೋಡ್ಕೊಳ್ಳೋರನ್ನ ಕರೆಸಿ," ಎಂದಳು.

*

ಬಂದವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಅಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟಿದ್ದ.

"ಒಂದು ವಾರದಿಂದ ಈ ಕಡೆ ತಲೆ ಹಾಕಿಲ್ಲ ಮೇಡಂ."

"ಇದರಲ್ಲಿ ಕಷ್ಟದ ಕೆಲಸ ಯಾವುದು?"

"ನೀರು ಓಡಿಸೋದು." ಅವನ ಮುಖ ಅರಳಿತು. "ಗಟ್ಟಿ ಹವಳಕ್ಕೆ ಜೋರು ನೀರು ಬೇಕು, ಅಲೆ ಥರ ಆ ಕಡೆ ಈ ಕಡೆ. ಮೆತ್ತನೇದಕ್ಕೆ ಅದೇ ನೀರು ನೇರ ಬಡಿದರೆ ಮಾಂಸ ಕಿತ್ತು ಬರುತ್ತೆ. ಎರಡೂ ಒಂದೇ ಮನೇಲಿ ಬಾಳಬೇಕಲ್ಲ, ಅದಕ್ಕೇ ನಡುವೆ ಕಲ್ಲು ಅಡ್ಡ ಇಟ್ಟಿದ್ದೆ."

"ಈಗ ಕಲ್ಲಿಲ್ಲ."

ಮೇಸ್ತ್ರಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ.

ಆಕೆ ನೀರಿಗೆ ಕೈ ಹಾಕಿ, ಬಿರಿದ ಪೊರೆಯ ಅಂಚುಗಳು ಕೂಡುವವರೆಗೆ ಪಂಪು ತಿರುಗಿಸಿದಳು. ನೀರು ನೇರ ನುಗ್ಗಿತು. ಮೆತ್ತನೆಯ ಹವಳ ಒಂದೇ ಕಡೆಗೆ ಬಾಗಿ ಪಟಪಟ ಬಡಿದುಕೊಂಡಿತು.

"ಬೇಡ!" ಮೇಸ್ತ್ರಿ ಆಕೆಯನ್ನು ತಳ್ಳಿ, ಅಭ್ಯಾಸದಂತೆ ಅಂಗಿಯ ತೋಳು ಮೇಲೇರಿಸಿ, ಮೊಣಕೈವರೆಗೆ ಕೈ ಇಳಿಬಿಟ್ಟ. ಮುಂಗೈಯಲ್ಲಿ ಎರಡು ಸಾಲು ಹಲ್ಲಿನ ಗುರುತು. ಗಾಯ ಇನ್ನೂ ಹಸಿಯಾಗಿತ್ತು.

"ಡಾಕ್ಟರ ಹಲ್ಲು ಗಟ್ಟಿ ಇತ್ತು," ಎಂದಳು ಇನ್‌ಸ್ಪೆಕ್ಟರ್. "ಕಲ್ಲು ಯಾರು ಬೇಕಾದರೂ ಎತ್ತಬಹುದು. ತಮ್ಮನಾಗಿದ್ದರೆ ಹೊಡೆದು ಓಡಿಹೋಗ್ತಿದ್ದ. ಹೆಣ ಕಾಲಬುಡದಲ್ಲಿರುವಾಗ, ಕಲ್ಲು ಹೋಯ್ತು, ಹವಳಕ್ಕೆ ನೀರು ಬಡಿಯುತ್ತೆ ಅಂತ ನಿಂತು ಪಂಪು ತಿರುಗಿಸೋನು ನೀನೊಬ್ಬನೇ."

ಕಾನ್‌ಸ್ಟೇಬಲ್ ಬೇಡಿ ಹಾಕುವಾಗ ಮೇಸ್ತ್ರಿ ಮಗುವಿನಂತೆ ಅತ್ತ. "ಹತ್ತು ವರ್ಷ ಸಾಕಿದೆ. ಇಲ್ಲಿ ಟಿವಿ ಇಡಬೇಕು, ಎಲ್ಲ ಕಿತ್ತು ಎಸಿ ಅಂದ್ರು. ಆಗಲ್ಲ ಅಂದಿದ್ದಕ್ಕೆ ತಾವೇ ಒಂದು ಹವಳ ಮುರಿದು, ನೆಲಕ್ಕೆ ಹಾಕಿ ತುಳಿದ್ರು. ಆಮೇಲೆ ಎಷ್ಟು ಸಲ ಹೊಡೆದೆನೋ ಗೊತ್ತಿಲ್ಲ."

ಆಕೆ ಸ್ಟೇಷನ್ನಿಗೆ ಫೋನು ಮಾಡಿದಳು. "ತಮ್ಮನನ್ನ ಬಿಡಿ. ಕೊಲೆಗಾರ ಸಿಕ್ಕಿದ."

 

"ಅವನು ಒಪ್ಕೊಂಡು ಸಹಿ ಹಾಕಿಬಿಟ್ಟಿದಾನೆ ಮೇಡಂ."

"ಮೈ ಮುಟ್ಟಬೇಡಿ ಅಂದಿದ್ದೆ!"

"ಸಹಿ ಸ್ವಲ್ಪ ಸೊಟ್ಟಗಿದೆ," ಎಂದ ಸಬ್‌ಇನ್‌ಸ್ಪೆಕ್ಟರ್. "ಎಡಗೈಯಲ್ಲಿ ಹಾಕಿದ. ಬಲಗೈ ಬೆರಳು ಮಡಚೋಕೆ ಆಗ್ತಿಲ್ಲ."