ರಾಮನವಮಿಯ ಕಹಿ ಕೋಸಂಬರಿ

"ಏನ್ರೀ, ಹಸಿವಿ ಆಗೇತಿ ಅಂತ ಸವತಿಕಾಯಿ ಕೇಳಿದ್ರ ನೀವು ಅದರ ಜೋಡಿ ಆಟಾ ಆಡಾಕತ್ತೀರಲ್ಲ!"

ತಳ್ಳುಗಾಡಿಯ ಹಿಂದಿದ್ದ ಮುತ್ತುರಾಜ ತಲೆ ಎತ್ತಿದ. ಸೌತೆಕಾಯಿಯ ತುದಿ ಕತ್ತರಿಸಿ, ಅದೇ ಚೂರಿನಿಂದ ಕಾಯಿಯನ್ನು ಗರಗರ ತಿಕ್ಕುತ್ತಿದ್ದ. ಬಿಳಿ ನೊರೆ ಬರುತ್ತಿತ್ತು.

"ಆಟ ಅಲ್ಲ ಮೇಡಂ, ಕಹಿ ತೆಗೀತಿದ್ದೀನಿ. ಕಹಿ ಕೊಟ್ರೆ ಆಮೇಲೆ ನನ್ನೇ ಬೈತೀರ!"

ಹೇಳಿ ನಕ್ಕ. ಅಯ್ಯೋ, ಆ ನಗು! ಮಹಾದೇವಿಗೆ ಬೈಯಲು ಬಂದಿದ್ದ ಮುಂದಿನ ಮಾತು ಮರೆತೇಹೋಯಿತು.

ಪ್ರೀತಿ ಗುಲಾಬಿ ಹೂವಿನಿಂದಲೇ ಶುರುವಾಗಬೇಕು ಅಂತ ಯಾರು ಹೇಳಿದ್ದು? ಇವರದು ಸೌತೆಕಾಯಿಯಿಂದ ಶುರುವಾಯಿತು. ಅದು 2002ರ ಬೇಸಿಗೆ. ಗದಗ ಕಡೆಯಿಂದ ಬಂದ ಮಹಾದೇವಿಗೆ ಜಯನಗರದ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ. ಬಿಟಿಎಂ ಲೇಔಟಿನಲ್ಲಿ ಸಂಜೀವಯ್ಯನವರ ಮನೆಯ ಮೇಲಿನ ಒಂದು ರೂಮು ಬಾಡಿಗೆಗೆ. ದಿನಾ ಸಂಜೆ ಬಸ್ಸಿಳಿದು, ಪಾರ್ಕಿನ ಗೇಟಿನ ಮುಂದೆ ಮುತ್ತುರಾಜನ ಗಾಡಿ ಹತ್ತಿರ ನಿಲ್ಲದೆ ಅವಳ ಕಾಲು ಮುಂದೆ ಹೋಗುತ್ತಿರಲಿಲ್ಲ.

ಅವನ ಕೈಚಳಕವೂ ಅಂಥದ್ದೇ. ಒಂದು ದಿನ ಸೌತೆಕಾಯಿ ಹೂವಾಗುತ್ತಿತ್ತು. ಇನ್ನೊಂದು ದಿನ ತಿರುಳು ತೆಗೆದ ದೋಣಿಯಲ್ಲಿ ಚುರುಮುರಿ ತುಂಬಿಸಿ, ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದ.

ಅವಳೇನು ಕಡಿಮೆಯೇ? ಊರಿಂದ ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿಯನ್ನು ಒಂದು ಡಬ್ಬಿಯಲ್ಲಿ ತಂದಳು.

"ಇದನ್ನ ಹಚ್ಚಿ ನೋಡ್ರಿ."

ದುಂಡಗೆ ಹೆಚ್ಚಿದ ಬಿಲ್ಲೆಗೆ ಪುಡಿ ಹಚ್ಚಿ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ.

"ಸಖತ್ತಾಗಿದೆ ರೀ!"

ಇಷ್ಟು ದಿನ 'ಮೇಡಂ' ಅನ್ನುತ್ತಿದ್ದವನು ಮೊದಲ ಸಲ 'ರೀ' ಅಂದಿದ್ದ. ಆ ರಾತ್ರಿ ಮಹಾದೇವಿಗೆ ಊಟ ಬೇಕಾಗಲಿಲ್ಲ…

ಅಷ್ಟರಲ್ಲಿ ರಾಮನವಮಿ ಬಂತು. ಪಾರ್ಕಿನಲ್ಲಿ ಪೆಂಡಾಲ್ ಹಾಕಿ ಇನ್ನೂರು ಜನಕ್ಕೆ ಪಾನಕ, ಕೋಸಂಬರಿ ಹಂಚುವುದೆಂದು ತೀರ್ಮಾನವಾಯಿತು. ಬಡಾವಣೆ ಸಂಘದ ಅಧ್ಯಕ್ಷರು ಸಂಜೀವಯ್ಯನವರೇ. ಅವರ ಹೆಂಡತಿ ಸೀತಮ್ಮ ಮಹಾದೇವಿಯನ್ನು ಕರೆದು, "ಕೋಸಂಬರಿ ನಿನ್ನ ಜವಾಬ್ದಾರಿ ಕಣಮ್ಮ. ದೇವರಿಗೆ ಇಡೋದು, ನೈವೇದ್ಯ ಆಗೋವರೆಗೂ ಬಾಯಿಗೆ ಹಾಕ್ಕೋಬೇಡ," ಎಂದರು.

ಸೌತೆಕಾಯಿ ಕೊಟ್ಟವನು ಮುತ್ತುರಾಜ. ಮೂಟೆ ಇಳಿಸುವಾಗಲೇ ಹೇಳಿದ್ದ: "ಬಿಸಿಲುಗಾಲದ ಮಾಲು ರೀ. ಹತ್ತರಲ್ಲಿ ಒಂದು ಕಹಿ ಇದ್ದೇ ಇರುತ್ತೆ. ಒಂದೊಂದರದ್ದೂ ತುದಿ ಕೊಯ್ದು ಬಾಯಿಗೆ ಹಾಕಿ ನೋಡಿ, ಆಮೇಲೆ ಹೆಚ್ಚಿ. ಮರೀಬೇಡಿ."

ಮರೆಯಲಿಲ್ಲ. ಆದರೆ ಚಾಕು ಹಿಡಿದು ಕೂತಾಗ ಅವಳ ಕೈ ಹಿಂಜರಿಯಿತು. 'ತುದಿ ತಿಂದ್ರ ಎಂಜಲಾಗೂದಿಲ್ಲೇನು? ಸೀತಮ್ಮಾರನ್ನ ಕೇಳ್ಲೇನು? ಕೇಳಿದ್ರ, ಇಷ್ಟೂ ಗೊತ್ತಿಲ್ಲೇನು ಅಂತ ನಗ್ತಾರ…'

ಕೇಳಲಿಲ್ಲ. ರುಚಿಯೂ ನೋಡಲಿಲ್ಲ. ಅರವತ್ತು ಸೌತೆಕಾಯಿಯನ್ನೂ ಹೆಚ್ಚಿ ನೆನೆದ ಹೆಸರುಬೇಳೆಗೆ ಸುರಿದೇಬಿಟ್ಟಳು!

ಮಂಗಳಾರತಿ ಆಯಿತು. ದೊನ್ನೆಗಳು ಕೈಯಿಂದ ಕೈಗೆ ಹೋದವು.

"ಥೂ! ವಿಷ ಇದ್ದ ಹಾಗಿದೆಯಲ್ರೀ!" ಒಬ್ಬರು ಅಲ್ಲೇ ಉಗಿದರು. ಇನ್ನೊಬ್ಬರು. ಮತ್ತೊಬ್ಬರು. ಮಕ್ಕಳು ದೊನ್ನೆ ಎಸೆದು ಅಳತೊಡಗಿದವು. ದೇವರ ಪ್ರಸಾದ ಹುಲ್ಲಿನ ಮೇಲೆಲ್ಲ ಚೆಲ್ಲಿತು.

"ಯಾರ್ರೀ ಸೌತೆಕಾಯಿ ಕೊಟ್ಟಿದ್ದು?" ಸಂಜೀವಯ್ಯ ಗುಡುಗಿದರು. ಪಾನಕ ಹಂಚುತ್ತಿದ್ದ ಮುತ್ತುರಾಜನನ್ನು ಎಲ್ಲರೂ ನೋಡಿದರು. "ಏನಯ್ಯಾ, ಕೊಳ್ಳೋರಿಲ್ಲದ ಕಹಿ ಮಾಲು ತಂದು ರಾಮನ ತಲೆಗೆ ಕಟ್ಟಿದೀಯಾ?"

ಮುತ್ತುರಾಜ ಮಹಾದೇವಿಯ ಕಡೆ ನೋಡಿದ. ಒಂದೇ ಒಂದು ಸಲ.

'ಹೇಳು! ಅವರು ಹೇಳಿದ್ರು, ನಾನ ಕೇಳಲಿಲ್ಲ ಅಂತ ಹೇಳು!' ಒಳಗಿನ ಜೀವ ಕೂಗಿತು. ಆದರೆ ಇನ್ನೂರು ಜೊತೆ ಕಣ್ಣು… ದೇವರ ಕೆಲಸ ಕೆಡಿಸಿದವಳು ಅನ್ನುವ ಹೆಸರು… ರೂಮು ಬಿಡಿಸಿದರೆ ಹೋಗುವುದೆಲ್ಲಿಗೆ?

ಅವಳು ನೆಲ ನೋಡಿದಳು.

"ತಪ್ಪಾಯ್ತು ಸಾರ್," ಎಂದ ಮುತ್ತುರಾಜ.

"ನಾಳೆಯಿಂದ ಈ ಗೇಟಿನ ಹತ್ರ ನಿನ್ನ ಗಾಡಿ ಕಾಣಬಾರದು!"

ಆರು ದಿನ. ಗೇಟಿನ ಮುಂದೆ ಗಾಡಿ ಇಲ್ಲ. ಆ ಖಾಲಿ ಜಾಗ ದಾಟುವಾಗ ಮಹಾದೇವಿ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಳ್ಳುತ್ತಿದ್ದಳು. ಕನ್ನಡಿ ನೋಡಲು ನಾಚಿಕೆ, ಅವ್ವನ ಫೋನ್ ಬಂದರೆ ಮಾತಾಡಲು ನಾಚಿಕೆ. 'ಅವರ ಅನ್ನ ಕಸಗೊಂಡು ನಾ ನೆರಳಾಗ ಕುಂತೀನಿ. ಥೂ ನನ್ನ ಜನ್ಮಕ್ಕ! ಅವರು ನನ್ನ ಮಾರಿ ಇನ್ನೆಂದೂ ನೋಡೂದಿಲ್ಲ…'

ಏಳನೆಯ ದಿನ ಭಾನುವಾರ. ಪಾರ್ಕಿನಲ್ಲಿ ಸಂಘದ ಮೀಟಿಂಗು. ಕರೆಯದಿದ್ದರೂ ಹೋಗಿ ನಿಂತಳು.

"ಕೋಸಂಬರಿ ಕೆಟ್ಟಿದ್ದು ನನ್ನಿಂದ್ರೀ. ಒಂದೊಂದೂ ರುಚಿ ನೋಡಿ ಹೆಚ್ಚ್ರಿ ಅಂತ ಅವರು ಹೇಳಿದ್ರು. ಎಂಜಲಾಗತೈತಿ ಅಂತ ನಾ ನೋಡಲಿಲ್ಲ. ಅವತ್ತ ಬಾಯಿ ಬಿಡಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ರೂಮು ಖಾಲಿ ಮಾಡು ಅಂದ್ರ ಮಾಡ್ತೀನಿ. ಆದ್ರ ಅವರಿಗೆ ಜಾಗಾ ಕೊಡ್ರಿ…"

ಅಳು ಒತ್ತರಿಸಿ ಬಂತು. ಮೊದಲು ಬಾಯಿ ಬಿಟ್ಟವರು ಸೀತಮ್ಮ.

"ಅಯ್ಯೋ ಹುಚ್ಚಿ! ಕೊಯ್ದು ಎಸೆಯೋ ತುದಿ ತಿಂದ್ರೆ ಕಾಯಿ ಎಂಜಲಾಗುತ್ತೇನೇ? ನಾವೆಲ್ಲ ಹಾಗೇ ನೋಡೋದು! ಒಂದು ಮಾತು ಕೇಳಬಾರದಿತ್ತಾ?"

ಸಂಜೀವಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ವಿಚಾರಿಸದೆ ಬೈದಿದ್ದು ನನ್ನದೂ ತಪ್ಪೇ. ಅವನನ್ನ ಕರ್ಕೊಂಡು ಬಾಮ್ಮ."

ಅವನು ಸಿಕ್ಕಿದ್ದು ಜಯನಗರ ಫೋರ್ತ್ ಬ್ಲಾಕ್ ಬಸ್ ಸ್ಟಾಂಡಿನ ಹತ್ತಿರ, ಸುಡುಬಿಸಿಲಿನಲ್ಲಿ. ಗಾಡಿಯ ತುಂಬ ಮಾರಾಟವಾಗದ ಕಾಯಿ. ಮಹಾದೇವಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಯಾಕ್ ಹೇಳೋಕೆ ಹೋದ್ರಿ? ರೂಮು ಬಿಡಿಸಿದ್ರೆ?"

"ನಿಮಗ ನನ್ನ ಮ್ಯಾಲೆ ಸಿಟ್ಟಿಲ್ಲೇನ್ರಿ?"

"ಇತ್ತು. ಎರಡು ದಿನ." ಅವನು ಚಾಕು ಕೆಳಗಿಟ್ಟ. "ಮಾಲು ಕೊಟ್ಟಿದ್ದು ನಾನೇ ಅಲ್ವಾ, ಬೈಸ್ಕೊಂಡೆ. ಆದ್ರೆ ನೀವು ನನ್ನ ಕಡೆ ನೋಡ್ಲಿಲ್ವಲ್ಲ… ಗಾಡಿಯವನು ಅಂತ ನಾಚಿಕೆ ಪಟ್ರಿ ಅಂದ್ಕೊಂಡೆ. ಅದು ತಡ್ಕೊಳ್ಳೋಕೆ ಆಗ್ಲಿಲ್ಲ."

"ನಿಮ್ಮ ಬಗ್ಗೆ ನಾಚ್ಕಿ ಪಡಲಿಲ್ರೀ!" ಅವಳ ದನಿ ಒಡೆಯಿತು. "ನನ್ನ ಬಗ್ಗೆ ನನಗ ನಾಚ್ಕಿ ಆತು."

ಮುತ್ತುರಾಜ ಕೈಯನ್ನು ಟವೆಲ್ಲಿಗೆ ಒರೆಸಿದ. ಮತ್ತೆ ಒರೆಸಿದ.

"ಒಂದು ಮಾತು ಕೇಳ್ಲಾ? ಈಗ್ಲೇ ಉತ್ತರ ಬೇಡ. ಯೋಚನೆ ಮಾಡಿ ಹೇಳಿ…"

"ಕೇಳ್ರಿ."

"ನನ್ನ ಮದ್ವೆ ಆಗ್ತೀರಾ?"

"ಹೂಂ ರೀ!"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮುತ್ತುರಾಜ ಕಿವಿಯವರೆಗೂ ಕೆಂಪಾದ.

"ಸ್ವಲ್ಪ ಮೆಲ್ಲಗೆ ರೀ… ಎಲ್ಲಾ ಕೇಳಿಸ್ಕೊಂಡ್ರು!"

ಮಹಾದೇವಿ ಕಣ್ಣು ಒರೆಸಿಕೊಂಡಳು.

"ಕೇಳ್ಲಿ ಬಿಡ್ರಿ. ಮತ್ತೊಮ್ಮೆ ಹೇಳ್ಲೇನು?"