ಚಕ್ರಕ್ಕೆ ಸುತ್ತಿದ ಬಿಳಿ ಕೂದಲು

ಆಟದ ರೈಲಿನ ಚಕ್ರಗಳಿಗೆ ಸುತ್ತಿಕೊಂಡ ಬೆಕ್ಕಿನ ಕೂದಲನ್ನು ಚಿಮಟದಿಂದ ಬಿಡಿಸುತ್ತಾ ನಾನು ಕೂತಿದ್ದೆ. ನಾನು ಕೆಲಸಕ್ಕೆ ಹೋಗುತ್ತಿದ್ದ ಮಡಿಕೇರಿಯ ಆ ಮನೆಯಲ್ಲಿ ಅದು ನನ್ನ ಬೆಳಗಿನ ಕೆಲಸ. ಒಂದು ಕೋಣೆಯ ತುಂಬ ಮಧುಸೂದನ ಸಾರ್ ಹಳಿ ಹಾಸಿದ್ದರು. "ಕೊಡಗಿಗೆ ರೈಲಿಲ್ಲ ಅಂತ ಯಾರು ಹೇಳಿದ್ದು? ನಮ್ಮನೆಗೆ ಬಂದಾಯ್ತಲ್ಲ," ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಕೂದಲು ಬಿಳಿ. ಬಿಳಿ ಬೆಕ್ಕು ಚಿನ್ನಿ ಕಾಣೆಯಾಗಿ ಒಂದು ಮಳೆಗಾಲವೇ ಕಳೆದಿತ್ತು. ಕರಿಕೆ ಊರಿನ ನೆಂಟರಿಗೆ ಕೊಟ್ಟೆ ಎಂದು ಸಾರ್ ಹೇಳಿದ್ದರು. ಅದೇ ಓಡಿಹೋಯಿತು ಎಂದು ಅವರ ಹೆಂಡತಿ ಕಾತ್ಯಾಯನಮ್ಮ ಹೇಳಿದ್ದರು. ಈಗ ಮನೆಯಲ್ಲಿದ್ದದ್ದು ಕಾಳ ಎಂಬ ಕಪ್ಪು ಮರಿಯೊಂದೇ.

ಆದರೂ ದಿನವೂ ಬಿಳಿ ಕೂದಲೇ ಸಿಗುತ್ತಿತ್ತು. ರಟ್ಟಿನ ಗುಡ್ಡದ ಸುರಂಗಕ್ಕೆ ತಣ್ಣಗೆ ಹೋದ ಬೋಗಿಗಳು, ಯಾರೋ ಮಗ್ಗುಲಲ್ಲಿ ಮಲಗಿ ಎದ್ದಂತೆ ಬೆಚ್ಚಗಾಗಿ ಹೊರಬರುತ್ತಿದ್ದವು. ಸುರಂಗದ ಬಾಯಿ ನನ್ನ ಮುಷ್ಟಿಯಷ್ಟೇ. ಬೆಳೆದ ಬೆಕ್ಕು ಅದರೊಳಗೆ ನುಗ್ಗಲಾರದು. ಮರಿಯಾದರೆ ನುಗ್ಗಬಲ್ಲದು.

ಆ ದಿನ ಕಾಳ ಸುರಂಗದ ಬಾಯಿಗೆ ಮೂಗಿಟ್ಟು, ತಾಯಿಯನ್ನು ಕಂಡಂತೆ ಕೂಗತೊಡಗಿತು. ಒಳಗಿನಿಂದ ಗುರುಗುರು ಸದ್ದು ಬಂತು.

"ಕೇಳ್ತಾ ಉಂಟಾ ಸಾರ್?"

"ಇಂಜಿನ್ ಸದ್ದು ಮಾರಾಯ್ತಿ. ಹೆದರುಪುಕ್ಕಿ ನೀನು."

ಇಂಜಿನ್ ನನ್ನ ಮಡಿಲಲ್ಲಿತ್ತು.

ಅದನ್ನು ಕೆಳಗಿಟ್ಟು ಮರಿಯನ್ನು ಎತ್ತಿಕೊಂಡೆ. ಅದು ನನ್ನ ಕೈ ಪರಚಿ, ಸುರಂಗದ ಕಡೆಗೇ ಕೊಸರಾಡಿತು. ಬಾಗಿಲಲ್ಲಿ ನಿಂತಿದ್ದ ಕಾತ್ಯಾಯನಮ್ಮನನ್ನು ಕೇಳಿದೆ: "ಅಮ್ಮಾ, ಈ ಮರಿನ ನಾನು ಮನೆಗೆ ತಗೊಂಡು ಹೋಗ್ಲಾ?"

ಅವರು ಸಾರ್ ಮುಖ ನೋಡಿದರು. ಸಾರ್ ಬಗ್ಗಿ ಸುರಂಗದ ಬಾಯಿಯನ್ನು ಅಂಗೈಯಿಂದ ಮುಚ್ಚಿದರು.